ಕೋವಿಯ ಮೇಲಿನ ಹೆಸರು

ಮೊನ್ನೆ ಸತ್ಯಮಂಗಲದ ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರ ತನ್ನ ಬಂದೂಕು ಒರೆಸುತ್ತ ಕೂತಿದ್ದ. ಸೀಮೆಎಣ್ಣೆಗೆ ಕೊಬ್ಬರಿ ಎಣ್ಣೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ, ಬಂದ ಕೆಲಸ ಮರೆತು ನಿಂತುಬಿಟ್ಟೆ... ತಿಗನಾರೆಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡವ್ವನ ಜಗುಲಿ ಕಣ್ಣ ಮುಂದೆ ತೆರೆದುಕೊಂಡಿತು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜನಗರದ ಕಡೆಯಿಂದ ತಮಿಳುನಾಡಿಗೆ ಸೇರಿದ ಆ ಊರಿಗೆ ಸೊಸೆಯಾಗಿ ಬಂದೆ. ದೊಡ್ಡವ್ವ ನಮಗೆ ಸಂಬಂಧಿಯಲ್ಲ. ಊರೆಲ್ಲ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಪಟ್ಟಾಳದಲ್ಲಿ ಸಿಪಾಯಿಯಾಗಿದ್ದು ಬಂದ ಅವರ ಗಂಡ ಆಗಲೇ ಜ್ವರದಲ್ಲಿ ತೀರಿಕೊಂಡಿದ್ದರು. ಬಿಟ್ಟುಹೋದದ್ದು ಒಂದು ರಾಗಿ ಹೊಲ, ಅದನ್ನು ಕಾಯಲು ಒಂದು ಕೋವಿ. ಸೈನ್ಯದವರು ಬಳಸಿ ಕೈಬಿಟ್ಟ ರೈಫಲ್ ಅದು; ನಳಿಗೆ ಕೊರೆದು, ಚರೆ ಹಾರಿಸುವಂತೆ ಮಾಡಿ, ಬೆಳೆ ಕಾಯುವವರಿಗೆ ಮಾರಿದ್ದರಂತೆ. ಸಂಜೆ ತಾಳಮಲೆಯ ಕಾಡು ನೀಲಿಯಾಗಿ ಮಂಜಿನಲ್ಲಿ ಕರಗುವಾಗ ದೊಡ್ಡವ್ವ ಹಣೆಗೆ ವಿಭೂತಿ ಇಟ್ಟುಕೊಂಡು, ಕೋವಿಯನ್ನು ಹೆಗಲಿಗೇರಿಸಿ ಹೊಲದ ಅಟ್ಟಣೆಯ ಕಡೆ ನಡೆಯುತ್ತಿದ್ದರು. ಹಂದಿ ಬರಲಿ, ಆನೆ ಬರಲಿ, ಈಡು ಆಕಾಶಕ್ಕೇ.

“ಜೀವ ತಗ್ಯಕ್ಕಲ್ಲ ಕಣವ್ವ, ಸದ್ದು ಮಾಡಕ್ಕೆ,” ಅನ್ನುತ್ತಿದ್ದರು.

ಕೋವಿಯ ಹಿಡಿಗೆ ಹತ್ತಿರದ ಕಬ್ಬಿಣದಲ್ಲಿ ಗೋರಂಟಿ ಎಲೆಯಷ್ಟು ಚಿಕ್ಕ ಗುರುತೊಂದನ್ನು ಕುಟ್ಟಿದ್ದರು. ಅದು ನಿನ್ನ ಹೆಸರೇ, ಇಂಗ್ಲೀಷಿನಲ್ಲಿ ಹಾಕಿಸಿದ್ದೇನೆ ಎಂದು ಮದುವೆಯ ಹೊಸತರಲ್ಲಿ ಗಂಡ ಹೇಳಿದ್ದರಂತೆ. ಓದು ಬಾರದ ದೊಡ್ಡವ್ವ ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಬೆರೆಸಿ ಒರೆಸುವಾಗಲೆಲ್ಲ ಅದರ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ನನಗೆ ಇಂಗ್ಲೀಷ್ ಅಕ್ಷರ ಬರುತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ...

ಒಂದು ಮಧ್ಯಾಹ್ನ ಜೀಪೊಂದು ನೀರು ಕೇಳಿಕೊಂಡು ಬಂದು ನಿಂತಿತು. ಕೂನೂರಿನ ಟೀ ತೋಟದ ಯಜಮಾನರು. ಹಳೆಯ ಬಂದೂಕು ತಂದು ಗಾಜಿನ ಬೀರುವಿನಲ್ಲಿ ಕೂಡಿಡುವ ಹವ್ಯಾಸವಂತೆ. ಜಗುಲಿಯಲ್ಲಿದ್ದ ಕೋವಿ ನೋಡಿದವರೇ ಅದರ ಮುಂದೆ ಮಂಡಿಯೂರಿದರು. ಯುದ್ಧದ ಕಾಲದಲ್ಲಿ ಹೊಲಿಗೆ ಮಿಷನ್ ಮಾಡುವ ಕಾರ್ಖಾನೆಯೊಂದು ಸ್ವಲ್ಪ ದಿನ ರೈಫಲ್ ಮಾಡಿಕೊಟ್ಟಿತ್ತು, ಇದು ಅದರ ಗುರುತು, ಇಂಥದ್ದು ಸಿಗುವುದೇ ಅಪರೂಪ, ಬೆಲೆಯೆಲ್ಲ ಈ ಗುರುತಿಗೇ ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು.

ದೊಡ್ಡವ್ವ ಆ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ, ಎಲ್ಲೋ ದೂರದಿಂದ ಬಂದಂತೆ, ನಗು ಬಂತು.

“ಒಲಿಗೆ ಮಿಸಿನ್ ತನ್ನಿ ಅಂತ ಕೇಳಿದ್ದೆ ಕಣವ್ವ, ಇದ್ನ ತಂದ್ರು. ಅಂತೂ ಮಾತು ಉಳಿಸ್ಕಂಡವ್ರೆ!”

ಒಳ್ಳೆಯ ಬೆಲೆ ಕೊಡುತ್ತೇನೆಂದರೂ ದೊಡ್ಡವ್ವ ಕೋವಿ ಮಾತ್ರ ಕೊಡಲಿಲ್ಲ. ಇನ್ನು ಮೇಲೆ ಇದರಿಂದ ಈಡು ಹಾರಿಸಬೇಡಿ, ಕೆಟ್ಟೀತು ಎಂದು ಯಜಮಾನರು ಬೇಡಿಕೊಂಡರು. “ಒಲ ನೀವ್ ಬಂದು ಕಾಯ್ತೀರಾ, ಸ್ವಾಮಿ?” ಎಂದು ದೊಡ್ಡವ್ವ ಕಳುಹಿಸಿಬಿಟ್ಟರು.

ಕೆಲವು ವರ್ಷಗಳಲ್ಲಿ ದೊಡ್ಡವ್ವನ ಕಣ್ಣು ಮಂಜಾಯಿತು, ಅಟ್ಟಣೆ ಹತ್ತಲು ಮಂಡಿ ಒಪ್ಪಲಿಲ್ಲ. ಹೊಲವನ್ನು ಬೆಳೆಯಲ್ಲಿ ಪಾಲು ಕೊಡುವವರಿಗೆ ವಾರಕ್ಕೆ ಕೊಟ್ಟು, ನನ್ನಿಂದಲೇ ಕೂನೂರಿಗೆ ಹೇಳಿ ಕಳುಹಿಸಿದರು. ಯಜಮಾನರು ಲೈಸೆನ್ಸಿನ ಕೆಲಸವೆಲ್ಲ ಮುಗಿಸಿಕೊಂಡು ಬಂದರು. ಹೇಳಿದ ಬೆಲೆಗೆ ದೊಡ್ಡವ್ವ ಚಕಾರ ಎತ್ತಲಿಲ್ಲ. ಕೇಳಿದ್ದು ಬೇರೆ.

“ನಿಮ್ಮ ಗಾಜಿನ ಬೀರುಲಿ ಇದ್ರ ಕೆಳಗೆ ನನ್ ಎಸ್ರ ಇಂಗ್ಲೀಸಲ್ಲಿ ಬರ್ದು ಮಡಗ್ಬೇಕು.”

ಅವರು ನಗಲಿಲ್ಲ. ಒಂದು ಬಿಳಿಯ ರಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ನಾನು ದಪ್ಪಕ್ಷರದಲ್ಲಿ ಬರೆದೆ. ದೊಡ್ಡವ್ವ ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟರು.

“ಇಷ್ಟುದ್ದ ಅದಾ ನನ್ ಎಸ್ರು!” ಎಂದರು. ಆಮೇಲೆ, “ಈಗ ಅವ್ರು ಯೋಳಿದ್ದು ನಿಜಾಯ್ತು, ಬುಡು,” ಎಂದು ರಟ್ಟನ್ನು ಕೋವಿಯ ಜೊತೆಗಿಟ್ಟರು.

ದೊಡ್ಡವ್ವ ಹೋಗಿ ಎಷ್ಟೋ ಕಾಲವಾಯಿತು. ಕೂನೂರಿನವರೂ ಈಗಿಲ್ಲವಂತೆ; ಆ ಬೀರು ಯಾರ ಪಾಲಾಯಿತೋ... ದೊಡ್ಡವ್ವನ ಹೊಲದ ಸುತ್ತ ಈಗ ಸೋಲಾರ್ ತಂತಿ ಬಂದಿದೆ, ಜೋಳ ಚೆನ್ನಾಗಿ ಬರುತ್ತದೆ. ಸಂಜೆ ಹಿತ್ತಿಲಿಗೆ ಹೋದಾಗ ಬೇಲಿಯಾಚೆ ಅವರ ಮನೆಯ ಕಡೆಗೊಮ್ಮೆ ನೋಡುತ್ತೇನೆ. “ಉಂಡ್ಯಾ ಕೂಸೇ?” ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ.