ಮಾರ್ನಮಿಗೆ ತೊಳೆದ ಲ್ಯಾಪ್‌ಟಾಪು

ಆಗಿನ್ನೂ ನಮ್ಮ ಕಾಮಗೆರೆ ಮನೆಯಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ತಾರಸಿ ಹತ್ತಬೇಕಿತ್ತು. ಇದು ಆ ಕಾಲದ ಮಾತು. ಇಲ್ಲಿ ಬರುವ ಬಾಲ್ಯ ನನ್ನದಲ್ಲ, ಮೊಮ್ಮಗಳು ಸಿಂಚನಳದು. ನನ್ನ ಬಾಲ್ಯ ಕಂಡವರೆಲ್ಲ ಮಣ್ಣಾಗಿದ್ದಾರೆ. ಏನು ಬರೆದರೂ ಸುಳ್ಳು ಎನ್ನುವವರಿಲ್ಲ, ಹಾಗಾಗಿ ಬರೆಯುವುದರಲ್ಲಿ ಮಜವೂ ಇಲ್ಲ.

ಅವಳಿಗೆ ಹನ್ನೆರಡು ವರ್ಷ. ಅವಳ ಅವ್ವ, ನನ್ನ ಮಗಳು ಸುಧಾ, ಹನೂರಿನ ಕಡೆ ಸ್ಕೂಲಿನಲ್ಲಿ ಮೇಡಂ ಆಗಿದ್ದಳು. ರೋಗ ಬಂದು ಸ್ಕೂಲೆಲ್ಲ ಮುಚ್ಚಿದ ವರ್ಷ ಮಕ್ಕಳಿಗೆಂದು ಕತೆ, ಮಗ್ಗಿ ಎಲ್ಲ ಬಾಯಲ್ಲಿ ಹೇಳಿ ತನ್ನ ಲ್ಯಾಪ್‌ಟಾಪಿಗೆ ತುಂಬಿಸಿದ್ದಳು. ಮಾರನೆಯ ವರ್ಷ ಜ್ವರ ಬಂತು, ಎಂಟೇ ದಿನ, ಹೋಗಿಬಿಟ್ಟಳು.

ಆಮೇಲೆ ಈ ಹುಡುಗಿಗೆ ಆ ಪೆಟ್ಟಿಗೆಯೇ ಅವ್ವ. ಅವ್ವನ ಏಳರ ಮಗ್ಗಿ ಕೇಳದೆ ಮುದ್ದೆ ಇಳಿಯುತ್ತಿರಲಿಲ್ಲ. ನನ್ನ ಜೊತೆ ಅಳಗುಳಿಮಣೆ ಆಡುವಾಗಲೂ ಪಕ್ಕದಲ್ಲಿ ಅದು ಕತೆ ಹೇಳುತ್ತಿರಬೇಕು. ನಾನು ಹುಣಸೆ ಬೀಜ ಕದ್ದು ಸೆರಗಿಗೆ ಹಾಕಿಕೊಂಡರೆ "ಕಳ್ಮುದ್ಕಿ" ಎಂದು ಕೈ ಹಿಡಿಯುತ್ತಿದ್ದಳು. ಒಂದು ದಿನ ಪೆಟ್ಟಿಗೆ ತೆರೆಯಲೇ ಇಲ್ಲ. ಒಂದು ಉಂಗುರ ಸುತ್ತುತ್ತದೆ, ಸುತ್ತುತ್ತದೆ, ಅಷ್ಟೆ. ಹುಡುಗಿ ಊಟ ಬಿಟ್ಟಳು.

ಅವಳ ಸೈನ್ಸ್ ಮಿಸ್ಸು ಒಂದು ಪೆನ್‌ಡ್ರೈವ್ ಕೊಟ್ಟರು. ಅದರಲ್ಲಿ ಪೆಟ್ಟಿಗೆಯನ್ನು ನಡೆಸುವ ಲಿನಕ್ಸ್ ಎಂಬ ಹೊಸದೊಂದು ಇದೆ, ಹಳೆಯದರ ಪಕ್ಕದಲ್ಲೇ ಅದನ್ನು ಕೂರಿಸಿದರೆ ಪೆಟ್ಟಿಗೆ ಏಳುತ್ತದೆ, ಒಳಗಿರುವ ದನಿಯೂ ಸಿಗುತ್ತದೆ ಎಂದು ಚೀಟಿ ಬರೆದುಕೊಟ್ಟಿದ್ದರು.

ಅದು ಮಾರ್ನಮಿಯ ವಾರ. ತೀರಿಹೋದವರು ಎಡೆಗೆ ಬರುವ ಹಬ್ಬ. ಸುಧಾಳಿಗೆ ಮೊದಲನೆಯ ಎಡೆ. ಗಲೀಜು ಮನೆಗೆ ಹಿರಿಯರು ಕಾಲಿಡುವುದಿಲ್ಲ. ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿ, ಮನೆ ತೊಳೆದು, ಸುಣ್ಣ ಬಳಿದು, ಪಾತ್ರೆಗೆ ಹುಣಸೆಹಣ್ಣು ತಿಕ್ಕುತ್ತಾ ಕೂತಿದ್ದೆ. ಸಿಂಚನ ಜಗಲಿಯಲ್ಲಿ ಚೀಟಿ ನೋಡಿಕೊಂಡು ಒಂದೊಂದೇ ಗುಂಡಿ ಒತ್ತುತ್ತಿದ್ದಳು. ಒಂದು ಕಡೆ ಬಂದು ಕೈ ನಿಲ್ಲಿಸಿದಳು.

"ಅಜ್ಜಿ, ಪಕ್ಕಪಕ್ಕ ಹಾಕೋದು ಇಲ್ಲಿ ತೋರುಸ್ತಾನೇ ಇಲ್ಲ. ಎಲ್ಲ ಅಳ್ಸಿ ಹಾಕ್ತೀನಿ, ಒತ್ತು ಅಂತದೆ."

"ಒತ್ತು ಮತ್ತೆ. ಗಲೀಜಿರೋ ಕಡೆ ನಿಮ್ಮವ್ವ ಬಂದಾಳಾ?"

"ಸುಮ್ಕಿರು ಮುದ್ಕಿ. ಮಿಸ್ಸುನ್ನ ಕೇಳ್ಕಂಡು ಬತ್ತೀನಿ. ಮುಟ್ಟಗಿಟ್ಟೀಯೆ."

ಫೋನು ತಕ್ಕೊಂಡು ತಾರಸಿಗೆ ಹೋದಳು. ಮುಟ್ಟಬೇಡ ಎಂದರೆ ನನ್ನ ಕೈ ಕೇಳುವುದಿಲ್ಲ, ಹುಟ್ಟಾ ಹಾಗೇ. ಆದರೆ ಅವತ್ತು ಬರೀ ಚೇಷ್ಟೆಯಲ್ಲ. ನನ್ನ ಲೆಕ್ಕ ಹೀಗಿತ್ತು: ತೊಳೆಯುವ ಮುಂಚೆ ಸಾಮಾನು ಅಂಗಳಕ್ಕೆ ಬರುತ್ತದೆ, ತೊಳೆದ ಮೇಲೆ ಒಳಕ್ಕೆ ಹೋಗುತ್ತದೆ. ಪೆಟ್ಟಿಗೆಯೂ ಸುಧಾಳ ದನಿಯನ್ನು ಎಲ್ಲೋ ಎತ್ತಿಟ್ಟುಕೊಂಡೇ ಅಳಿಸುತ್ತದೆ. ಮಗು ಬರುವಷ್ಟರಲ್ಲಿ ಆಗಿರಲಿ, ಹಬ್ಬಕ್ಕೆ ಅವ್ವನ ದನಿ ಕೇಳಲಿ. ಹುಣಸೆ ಕೈಯನ್ನು ಸೀರೆಗೆ ಒರೆಸಿಕೊಂಡು ಒತ್ತಿದೆ.

ಸಿಂಚನ ಮೆಟ್ಟಿಲಿನಿಂದಲೇ ನಗುತ್ತಾ ಬಂದಳು. ಏನೂ ಒತ್ತಬೇಡ, ದನಿಯನ್ನು ಮೊದಲು ಬೇರೆ ಕಡೆಗೆ ತೆಗೆದುಕೊಡುತ್ತೇನೆ, ನಾಳೆ ತಾ ಎಂದರಂತೆ ಮಿಸ್ಸು.

"ಒತ್ಬುಟ್ಟೆ ಕಣವ್ವ" ಎಂದೆ.

ಅವಳು ಬೈಯಲಿಲ್ಲ. ಓಡಿಬಂದು ವೈರು ಕಿತ್ತಳು, ಮತ್ತೆ ಸಿಕ್ಕಿಸಿದಳು. ಮಾರನೆಯ ದಿನ ಮಿಸ್ಸೂ ನೋಡಿದರು, ಕೊಳ್ಳೇಗಾಲದ ಅಂಗಡಿಯವರೂ ನೋಡಿದರು. ಏನೂ ಉಳಿದಿರಲಿಲ್ಲ. ಹೊಸದನ್ನು ಕೂರಿಸಿ ಕೊಟ್ಟರು. ಪೆಟ್ಟಿಗೆ ಕುದುರೆಯಂತೆ ಓಡಿತು.

ಹಬ್ಬದ ದಿನ ಹೊಸ ಸೀರೆ, ಕಜ್ಜಾಯ, ಕುಂಬಳಕಾಯಿ ಪಲ್ಯ ಎಲ್ಲ ಇಟ್ಟೆವು. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಹೊರಗೆ ಕೂತೆವು. ಹಿರಿಯರು ಉಣ್ಣುವಾಗ ಸದ್ದು ಮಾಡಬಾರದು. ಮಗು ಕಿವಿಯನ್ನು ಬಾಗಿಲಿಗೆ ಕೊಟ್ಟು ಕೂತಿದ್ದಳು. ನಾನು ಬೇರೆ ಕಡೆ ನೋಡಿದೆ.

ಸಿಂಚನ ಈಗ ಪಿಯುಸಿ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೋದ ತಿಂಗಳು ಅವಳೇ ಕಲಿಸಿದಳು. ನೂರು ತಪ್ಪು ಮಾಡಿದರೂ ಸಿಟ್ಟಿಲ್ಲ, ನೆಂಟರ ಮನೆಯ ಮುದುಕಿಗೆ ಕಲಿಸಿದ ಹಾಗೆ ಕಲಿಸಿದಳು. ಕಳ್ಮುದ್ಕಿ ಎಂದು ಕರೆದು ಎಷ್ಟು ವರ್ಷವಾಯಿತೋ.

ನನಗೆ ಸುಧಾಳ ಮಾತೆಲ್ಲ ನೆನಪಿದೆ, ದನಿ ಮಾತ್ರ ನೆನಪಿಗೆ ಬರುವುದಿಲ್ಲ. ಮೊನ್ನೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ, ನಿಮ್ಮವ್ವನ ದನಿ ಹೆಂಗಿತ್ತು ಎಂದು. ಅವಳು "ನಿನ್ನಂಗೇ ಇತ್ತು ಕಣಜ್ಜಿ" ಎಂದಳು.

ನನ್ನ ಹಾಗೆ ಇರಲಿಲ್ಲ, ಅಷ್ಟು ಮಾತ್ರ ನನಗೆ ಗೊತ್ತು.