ಗಾಜಿಲ್ಲದ ಕಿಟಕಿ

ಗಾಜು ಕೂರಿಸುವವನು ಬೆಳಗ್ಗೆ ಎದ್ದೊಡನೆ, ಗಾಜಿನ ಚೂರೇನಾದರೂ ಉಳಿದಿದೆಯೇ ಎಂದು ಮಗಳ ದಿಂಬಿನ ಮೇಲೆ ಅಂಗೈ ಆಡಿಸುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ. ಗಡಿಯಾಚೆಯಿಂದ ಬಂದು ಸಿಡಿಯುವ ಫಿರಂಗಿ ಶೆಲ್ಲುಗಳಿಗೆ ಒಡೆದ ಊರಿನ ಕಿಟಕಿಗಳನ್ನೆಲ್ಲ ಸರಿಪಡಿಸುವವನು ಅವನೇ. ತನ್ನ ಕಿಟಕಿಗೆ ಮಾತ್ರ ಪ್ಲಾಸ್ಟಿಕ್ ಹಾಳೆ ಬಡಿದಿದ್ದ. ಚಳಿಗೆ ಮಗಳ ಕೆಮ್ಮು ಜೋರಾಗಿತ್ತು.

"ಏನಯ್ಯಾ, ಊರಿಗೆಲ್ಲ ಗಾಜು, ನಿನ್ನ ಮನೆಗೆ ಪ್ಲಾಸ್ಟಿಕ್ಕಾ?" ಗಾಜಿನಂಗಡಿಯ ಯಜಮಾನ ನಕ್ಕ. "ಆ ದಪ್ಪ ಗಾಜು ತಗೊಂಡ್ಹೋಗು, ದುಡ್ಡು ಬೇಡ. ಮಗು ಬೆಚ್ಚಗಿರ್ಲಿ."

ಅವನು ಗಾಜಿನ ಅಂಚನ್ನು ಮೆಲ್ಲಗೆ ಸವರಿದ.

"ಬೇಡ ಅಣ್ಣಾ. ಅವಳಮ್ಮ ಬೆಚ್ಚಗಿರ್ಲಿ ಅಂತ ಹೋದ್ವರ್ಷ ನಾನೇ ದಪ್ಪದ್ದು ಕೂರಿಸಿದ್ದೆ. ಶೆಲ್ಲು ಬಿದ್ದಿದ್ದು ಪಕ್ಕದ ಬೀದೀಲಿ. ಅವಳಮ್ಮನ ಕುತ್ತಿಗೆಗೆ ಹೊಕ್ಕಿದ್ದು ನನ್ನ ಗಾಜು. ಕೆಮ್ಮನ್ನ ದೇವರು ವಾಸಿ ಮಾಡ್ತಾನೆ. ಗಾಜು ಬೇಡ."