ಹುಣಸೆಮರದ ಕಡೆಯಿಂದ ಹತ್ತಿದವರು

—ತಲೆ ಎಣಿಸಿದ್ದು ಮೂರು ದಿನವೋ ನಾಲ್ಕೋ, ಅದೇ ಈಗ ಖಚಿತವಿಲ್ಲ. ಮಳೆಯಿತ್ತೆಂದು ಒಮ್ಮೊಮ್ಮೆ ಅನ್ನಿಸುತ್ತದೆ. ಮಳೆಯಿದ್ದರೆ ಕೈಯಲ್ಲಿದ್ದ ಹಾಳೆ ನೆನೆಯಬೇಕಿತ್ತು, ನೆನೆದಿರಲಿಲ್ಲ. ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆದರೆ ಇಷ್ಟು ನಿಜ, ನಂಜಮ್ಮಕ್ಕ: ನಿನ್ನನ್ನು ನಾನು ಎಣಿಸಲಿಲ್ಲ. ಎಣಿಸಿದೆ ಎಂದು ಸುಳ್ಳು ಹೇಳಿದೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ವೈಟ್‌ಫೀಲ್ಡಿನ ಆಚೆ, ರಾಗಿ ಹೊಲಗಳ ನಡುವೆ ಒಂದು ಸಣ್ಣ ಸ್ಟೇಷನ್ — ಒಂದೇ ಪ್ಲಾಟ್‌ಫಾರ್ಮು, ಒಂದು ಟಿಕೆಟ್ ಕಿಟಕಿ, ಕಿಟಕಿಯ ಹಿಂದೆ ನಾನು. ಬೆಳಗಿನ ಪ್ಯಾಸೆಂಜರ್ ಗಾಡಿ ಎರಡು ನಿಮಿಷ ನಿಲ್ಲುತ್ತಿತ್ತು. ನಿಮ್ಮೂರು ಹಳಿಯ ಆ ಕಡೆ. ಸೊಪ್ಪಿನ ಕುಕ್ಕೆ ಹೊತ್ತ ನೀವು ಹೆಂಗಸರು ಪ್ಲಾಟ್‌ಫಾರ್ಮಿಗೆ ಸುತ್ತಿ ಬರುತ್ತಿರಲಿಲ್ಲ. ಹುಣಸೆಮರದ ಕೆಳಗೆ ಕಾದಿದ್ದು, ಗಾಡಿಯ ಆ ಬದಿಯಿಂದಲೇ ಹತ್ತುತ್ತಿದ್ದಿರಿ. ಒಬ್ಬಳು ಮೇಲೆ, ಒಬ್ಬಳು ಕೆಳಗೆ, ಕುಕ್ಕೆ ಕೈಯಿಂದ ಕೈಗೆ. ತಿಂಗಳ ಪಾಸು ತೆಗೆಸುತ್ತಿದ್ದದ್ದು ಬೆಂಗಳೂರಿನಲ್ಲಿ. ಹಾಗಾಗಿ ನನ್ನ ಕಿಟಕಿಯ ಲೆಕ್ಕದಲ್ಲಿ ನೀವು ಇರಲೇ ಇಲ್ಲ.

ಗಾಡಿ ಇನ್ನು ಇಲ್ಲಿ ನಿಲ್ಲಬೇಕೋ ಬೇಡವೋ, ಹತ್ತುವವರ ತಲೆ ಎಣಿಸಿ ಬರೆದು ಕಳಿಸಿ ಎಂದು ಮೇಲಿನಿಂದ ಕಾಗದ ಬಂತು. ಎಣಿಸಿದೆ — ಪ್ಲಾಟ್‌ಫಾರ್ಮಿನವರನ್ನಷ್ಟೇ. ಗಾಡಿ ಅಡ್ಡ ನಿಂತರೆ ಆ ಬದಿ ಕಾಣುವುದಿಲ್ಲ ಎಂದು ನನಗೇ ಹೇಳಿಕೊಂಡೆ. ಗಾಡಿ ಬರುವ ಮುಂಚೆ ನೀವೆಲ್ಲ ಎದುರಿಗೇ ಇದ್ದಿರಿ. ಕೂಗಿದರೆ ಕೇಳುವಷ್ಟು ಹತ್ತಿರ. ನೀನು ಕೂಗಿದ್ದೆ ಕೂಡ.

“ಸಾಮೀ, ನಮ್ಮುನ್ನೂ ಬರ್ಕಂಡ್ಯಾ? ನನ್ನ ಎಲ್ಡು ಸಲ ಬರ್ಕೋ, ಈ ಕುಕ್ಕೆನೂ ಒಂದಾಳು ತೂಕ ಐತೆ!”

ಉಳಿದವರು ನಕ್ಕರು. ನಾನೂ ನಕ್ಕೆ.

“ಬರ್ಕೊಂಡೆ ಕಣಕ್ಕ!”

ಏಕೆ? ಈ ಸ್ಟೇಷನ್ ಮುಚ್ಚಿದರೆ ನನಗೆ ಪಟ್ಟಣಕ್ಕೆ ವರ್ಗವಾಗುತ್ತದೆ ಎಂದು. ಅಷ್ಟೇ. ಬೇಸರವಿತ್ತು, ವಯಸ್ಸಿತ್ತು — ಬೇಡ, ಅವೆಲ್ಲ ಆಮೇಲೆ ಹೊಲಿದುಕೊಂಡ ಅಂಗಿಗಳು.

ಹುಕುಂ ಬಂತು. ಮೊದಲ ದಿನ ಗಾಡಿ ಸಿಳ್ಳೆ ಹಾಕಿಕೊಂಡು ಹಾಗೇ ಹೋಯಿತು. ನಾನಿನ್ನೂ ಅಲ್ಲೇ ಇದ್ದೆ, ಸಾಮಾನು ಒಪ್ಪಿಸಲು. ಹಳಿ ದಾಟಿ ಬಂದೆಯಲ್ಲ ನೀನು, ಕುಕ್ಕೆ ತಲೆಯ ಮೇಲೇ ಇತ್ತು.

“ನಮ್ಮುನ್ನ ಬರ್ಕಂಡಿದ್ದೆ ಅಲ್ವಾ ಸಾಮಿ? ಮತ್ಯಾಕೆ ನಿಲ್ಲಿಲ್ಲ?”

“ಮೇಲಿನೋರು ಕಣಕ್ಕ. ನಮ್ಮ ಕೈಲಿ ಏನಿದೆ?”

“ಓಗ್ಲಿ ಬಿಡು. ಪಾಪ, ನೀನೇನ್ ಮಾಡೀಯೆ.” ನೀನು ಕುಕ್ಕೆ ಇಳಿಸಿ ಒಂದು ಕಟ್ಟು ಕೊತ್ತಂಬರಿ ತೆಗೆದೆ. “ಎಂಗೂ ಬಾಡೋಯ್ತದೆ, ತಗೋ.”

ತೆಗೆದುಕೊಂಡೆ. ಸಾರಿಗೆ ಹಾಕಿದೆನೋ, ಬಾಡಲು ಬಿಟ್ಟೆನೋ — ಎರಡೂ ನೆನಪಾಗುತ್ತವೆ. ಒದ್ದೆ ಬೇರಿನ ಮಣ್ಣು ಅಂಗೈಗೆ ಹತ್ತಿದ್ದು ಮಾತ್ರ ಒಂದೇ ನೆನಪು.

ನಿಜ ಬರೆದಿದ್ದರೂ ಗಾಡಿ ನಿಲ್ಲುತ್ತಿರಲಿಲ್ಲವೇನೋ... ಈ ಮಾತನ್ನು ವರ್ಷಗಟ್ಟಲೆ ಅಗಿದಿದ್ದೇನೆ, ನುಂಗಲಾಗಿಲ್ಲ. ಈಗ ಅಲ್ಲಿ ಪ್ಲಾಟ್‌ಫಾರ್ಮಿಲ್ಲ, ಮರವಿಲ್ಲ. ಮಾರನೆಯ ದಿನದಿಂದ ನಿನ್ನ ಸೊಪ್ಪು ಮಾರ್ಕೆಟ್ಟಿಗೆ ಹೇಗೆ ಹೋಯಿತು, ಹೋಯಿತೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ಆ ಮರದ ಕೆಳಗೆ ದಿನಾ ಎಷ್ಟು ಜನ ನಿಲ್ಲುತ್ತಿದ್ದಿರಿ? ಅದು ನನಗೆ ಗೊತ್ತಿಲ್ಲ.